ಮಾಳಿಗೆ ಹತ್ತಿದ ಪಾಪೋಸು

ಅಥಣಿಯಿಂದ ಕಾಗವಾಡದ ದಾರಿ

ನಾನು ಒಂದೇ ಒಂದು ಸಲ ಪರದೇಶ ನೋಡಿದ್ದೇನೆ. ಅದೂ ನನ್ನ ಯೋಗ್ಯತೆಯಿಂದಲ್ಲ, ಸೋದರಮಾವನ ಬೆನ್ನು ಹತ್ತಿ. ಮಾವನ ಹೆಸರು ಸಿದರಾಯ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ನಮ್ಮ ಮನೆತನದಲ್ಲಿ ಅವನಷ್ಟು ಕೈ ಪಳಗಿದವರು ಇನ್ನೊಬ್ಬರಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಟರ್ಕಿಯ ಆಂಟೆಪ್ ಎಂಬ ಊರಿನವರು ಹತ್ತು ದೇಶಗಳಿಂದ ಕೈಯಿಂದ ಜೋಡು ಮಾಡುವವರನ್ನು ಕರೆಸಿ ಒಂದು ಮೇಳ ಮಾಡಿದರು. ನಮ್ಮ ಕಡೆಯ ಕಸುಬಿನವರ ಸಂಘಕ್ಕೂ ಪತ್ರ ಬಂತು. ಸಂಘದವರು ಮಾವನನ್ನು ಆರಿಸಿದರು. ಮಾವ ನನ್ನನ್ನು ಆರಿಸಿದ.

ನಾನು ಆಗ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ನನ್ನ ಇಂಗ್ಲಿಷು ಚಿಕ್ಕೋಡಿಯ ಬಸ್ ಸ್ಟ್ಯಾಂಡು ದಾಟಿದ್ದಲ್ಲ. ಅದನ್ನು ಹೇಳಿದರೆ ಮಾವ, "ನನಗಂತೂ ಅಷ್ಟೂ ಬರೂದಿಲ್ಲಲ್ಲೋ. ಕುಂಟಗ ಕುಂಟನ ಹೆಗಲು. ನಡಿ" ಎಂದ.

ಹೊರಡುವ ಹಿಂದಿನ ದಿನ ಅವನು ಟ್ರಂಕಿನಿಂದ ಒಂದು ಜೊತೆ ಚಪ್ಪಲಿ ತೆಗೆದು ತೋರಿಸಿದ. ಉಳಿದ ಎಂಟು ಜೊತೆಗಳನ್ನು ಚೀಲದಲ್ಲಿ ತುಂಬಿದ್ದ. ಇದನ್ನು ಮಾತ್ರ ಹಳೆಯ ಧೋತರದಲ್ಲಿ ಸುತ್ತಿದ್ದ. ಪಟ್ಟಿಯ ಮೇಲಿನ ಚರ್ಮದ ಜಡೆ ನನ್ನ ಅತ್ತೆ ನೀಲವ್ವ ಹೆಣೆದದ್ದು. ನಮ್ಮಲ್ಲಿ ತಳದ ಅಟ್ಟೆ ಕೊಯ್ಯುವುದು, ಹೊಲಿಯುವುದು ಗಂಡಸರ ಕೆಲಸ. ಜಡೆ ಹೆಣೆಯುವುದು ಹೆಂಗಸರ ಕೆಲಸ. ಹಿಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಿದ್ದಳು. ಆಕೆ ಕೊನೆಗೆ ಹೆಣೆದ ಜಡೆ ಇದು.

"ಇದು ಮಾರಾಕಲ್ಲ. ತೋರ್ಸಾಕ. ಅಲ್ಲಿ ಚಪ್ಪಲಿ ಮಾಡಾವ್ರ ನೋಡ್ಲಿ. ಇಲ್ಲಿ ತನಾ ಹಾಕ್ಕೊಳ್ಳಾವ್ರ ನೋಡ್ಯಾರ, ಹೊರಗಿನ ಮಾಡಾವ್ರು ಒಬ್ರೂ ನೋಡಿಲ್ಲ" ಎಂದ ಮಾವ. ಇಷ್ಟಕ್ಕಾಗಿಯೇ ಅವನು ಅರವತ್ತೆರಡರ ವಯಸ್ಸಿನಲ್ಲಿ ವಿಮಾನ ಹತ್ತಲು ಒಪ್ಪಿದ್ದು ಎಂದು ನನಗೆ ಆಗ ತಿಳಿಯಿತು.

ಆ ಜೊತೆಗೆ ಸಪ್ಪಳವಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಗಂಡಸರ ಭಾರಿ ಚಪ್ಪಲಿಗೆ ಎರಡು ಅಟ್ಟೆಗಳ ನಡುವೆ ಒಣ ಬೀಜಗಳನ್ನಿಟ್ಟು ಹೊಲಿಯುತ್ತಾರೆ. ಹೆಜ್ಜೆಗೊಮ್ಮೆ ಕರ್ ಕರ್ ಎನ್ನುತ್ತದೆ. ಯಾವ ಬೀಜ, ಎಷ್ಟು, ಎಲ್ಲಿ ಎನ್ನುವುದು ಒಂದೊಂದು ಮನೆಯ ಗುಟ್ಟು. ನಮ್ಮ ಮನೆಯಲ್ಲಿ ಆ ಗುಟ್ಟು ಅತ್ತೆಯ ಹತ್ತಿರವಿತ್ತು; ಬೀಜದ ಚೀಲ ಆಕೆಯ ತಲೆದಿಂಬಿನ ಕೆಳಗೆ ಇರುತ್ತಿತ್ತು.

ನಾನು ಹೈಸ್ಕೂಲು ಕಲಿತದ್ದು ಮಾವ ಅತ್ತೆಯರ ಮನೆಯಲ್ಲಿದ್ದುಕೊಂಡು. ಎಂಟನೆಯ ಇಯತ್ತೆಯಲ್ಲಿ ಮಾವ ನನಗೂ ಅಂಥದೊಂದು ಜೊತೆ ಮಾಡಿಕೊಟ್ಟ. ಕರ್ ಕರ್ ಎನ್ನುತ್ತ ವರ್ಗಕ್ಕೆ ಹೋದರೆ ಹುಡುಗರೆಲ್ಲ ತಿರುಗಿ ನೋಡಿ ನಗುತ್ತಿದ್ದರು. ನಾನು ಯಾರ ಮನೆಯವನು ಎನ್ನುವುದನ್ನು ಆ ಸಪ್ಪಳ ನನಗಿಂತ ಮೊದಲೇ ಹೋಗಿ ಹೇಳುತ್ತಿತ್ತು. ಬೀಜ ತೆಗೆದುಬಿಡು ಎಂದು ಅತ್ತೆಯ ಮುಂದೆ ಹಟ ಹಿಡಿದೆ. ಆಕೆ ಅಟ್ಟೆ ಬಿಚ್ಚಿ, ಬೀಜ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಮಾವ ಉಳಿ ಹಿಡಿದು ನೋಡುತ್ತ ಕುಳಿತಿದ್ದ. ನೌಕರಿ ಸಿಕ್ಕ ಮೇಲೆ ನಾನು ಅಂಗಡಿಯ ಬೂಟು ಕೊಂಡೆ. ಆಮೇಲೆ ಮಾವ ನನಗೆ ಚಪ್ಪಲಿ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಮಿರಜಕ್ಕೆ ಹೋಗುವ ಬಸ್ಸು ಕಾಗವಾಡ ಹತ್ತಿರ ಬಂದಾಗ ಹೊಲದ ಬೇಲಿಗೆ ಪಾಪಾಸುಕಳ್ಳಿ ಕಂಡಿತು. ಮಾವ ಕಿಟಕಿಯಿಂದ ಬೆರಳು ಮಾಡಿದ.

"ಮಾಸ್ತರ, ಇದಕ್ಯಾಕ ಪಾಪಾಸುಕಳ್ಳಿ ಅಂತಾರ ಗೊತ್ತದ ಏನು? ಅದರ ಎಲಿ ನೋಡು, ಅಟ್ಟಿ ಕೊಯ್ದ ಇಟ್ಟಂಗ ಐತಿ. ನಮ್ಮಪ್ಪ ಛಲೋ ಜೋಡಿಗೆ ಪಾಪೋಸ ಅಂತಿದ್ದ. ಕುಡಚಿ ಸಾಬರು ಲಗ್ನಕ್ಕ ಹೊಲಸಾಕ ಬಂದ್ರ ಪಾಪೋಶ್ ಅಂತಿದ್ರು. ನಿಪ್ಪಾಣಿಯವ್ರು ವಹಾಣ ಅಂತಾರ. ಜಗಳ ಬಂದಾಗ ಮಾತ್ರ ಎಲ್ಲಾರೂ ಕೆರಾ ಅಂತಾರ!"

ಕನ್ನಡ ಮಾಸ್ತರನಾದ ನನಗೆ ಇದು ಹೊಳೆದೇ ಇರಲಿಲ್ಲ. ಪಾಪೋಸು ಎಂಬ ಶಬ್ದ ನಮ್ಮ ಕಾಲಿನಿಂದ ಯಾವಾಗಲೋ ಕಳಚಿಹೋಗಿ, ಬೇಲಿಯ ಕಳ್ಳಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿರಜದಲ್ಲಿ ರೈಲು ಹತ್ತುವಷ್ಟರಲ್ಲಿ ಅದನ್ನು ಮರೆತೂಬಿಟ್ಟೆ.

ಇಸ್ತಾಂಬುಲ್

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನಮ್ಮ ಚೀಲ ಬಿಚ್ಚಿಸಿದ. ಚಪ್ಪಲಿ, ಶೇಂಗಾ ಹಿಂಡಿ, ಕಟಕ ರೊಟ್ಟಿ, ಎಣ್ಣೆಯ ಡಬ್ಬಿ. ಹೊಸ ಚರ್ಮಕ್ಕೆ ಎಣ್ಣೆ ಕುಡಿಸಬೇಕಾಗುತ್ತದೆಂದು ಮಾವ ಅದನ್ನು ಮುಂಬಯಿಯ ವಿಮಾನ ನಿಲ್ದಾಣದವರ ಕಣ್ಣು ತಪ್ಪಿಸಿ ತಂದಿದ್ದ. ಅಧಿಕಾರಿ ಮೊದಲು ಚಪ್ಪಲಿ ಮೂಸಿದ, ಆಮೇಲೆ ರೊಟ್ಟಿ ಮೂಸಿದ. ಯಾವುದು ತಿನ್ನುವುದು ಯಾವುದು ಮೆಟ್ಟುವುದು ಎಂದು ಅವನಿಗೆ ಖಾತ್ರಿಯಾಗಲಿಲ್ಲವೆಂದು ಕಾಣುತ್ತದೆ. ರೊಟ್ಟಿಯನ್ನು ಬಾಗಿಸಲು ಹೋದ. ಅದು ಪಟಕ್ಕನೆ ಮುರಿಯಿತು. ಮಾವ ಒಂದು ತುಂಡು ತಿಂದು ತೋರಿಸಿದ ಮೇಲೆ ನಮ್ಮನ್ನು ಬಿಟ್ಟರು.

ನಮ್ಮನ್ನು ಕರೆದೊಯ್ಯಲು ಎಲಿಫ್ ಎಂಬ ಹುಡುಗಿ ಬಂದಿದ್ದಳು. ಆಂಟೆಪ್‌ನವಳೇ, ಇಸ್ತಾಂಬುಲಿನ ಕಾಲೇಜಿನಲ್ಲಿ ಭಾಷೆಗಳನ್ನು ಕಲಿಯುತ್ತಿದ್ದಳು. ಮೇಳದವರು ಆಕೆಯನ್ನು ನಮ್ಮ ದುಭಾಷಿಯಾಗಿ ಗೊತ್ತು ಮಾಡಿದ್ದರು. ಟರ್ಕಿಯವರು ಹೇಳಿದ್ದನ್ನು ಆಕೆ ನನಗೆ ಇಂಗ್ಲಿಷಿನಲ್ಲಿ ಹೇಳಬೇಕು, ನಾನು ಮಾವನಿಗೆ ಕನ್ನಡದಲ್ಲಿ ಹೇಳಬೇಕು. ಮಾತು ಎರಡು ಹೊಳೆ ದಾಟಿ ಬರುತ್ತಿತ್ತು. ದಾರಿಯಲ್ಲಿ ಎಷ್ಟು ತೊಯ್ಯುತ್ತಿತ್ತೋ ದೇವರಿಗೇ ಗೊತ್ತು.

ಆಂಟೆಪ್‌ನ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಒಂದು ದೊಡ್ಡ ಮಸೀದಿ ತೋರಿಸಲು ಕರೆದೊಯ್ದಳು. ಬಾಗಿಲಲ್ಲಿ ಜೋಡು ಕಾಯುವ ಮುದುಕ ಕುಳಿತಿದ್ದ. ನಮ್ಮ ಕಾಲು ನೋಡಿ, "ಪಾಬುಚ್, ಪಾಬುಚ್" ಎಂದ. ಎಲಿಫ್ ಬಾಯಿ ತೆರೆಯುವ ಮೊದಲೇ ಮಾವ ಚಪ್ಪಲಿ ಕಳಚಿ ಅವನ ಕೈಗೆ ಕೊಟ್ಟ.

"ಅಂವಾ ಪಾಪೋಸ ಅಂದ್ನೋ! ನಮ್ಮಪ್ಪನ ಮಾತು ಇವಗ ಯಾರು ಕಲಿಸ್ಯಾರ?" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದ. ಆ ಮಸೀದಿಯ ಗುಮ್ಮಟ ಜಗತ್ತಿಗೇ ಹೆಸರಾದದ್ದಂತೆ. ಮಾವ ಒಳಗಿದ್ದಷ್ಟು ಹೊತ್ತೂ ಬಾಗಿಲಿನ ಕಡೆಗೇ ನೋಡುತ್ತಿದ್ದ.

ಬಸ್ಸಿನಲ್ಲಿ

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಕಂಡಕ್ಟರನಂಥವನೊಬ್ಬ ಬಾಟಲಿ ಹಿಡಿದು ಬಂದು ಎಲ್ಲರ ಬೊಗಸೆಗೆ ಲಿಂಬೆ ವಾಸನೆಯ ನೀರು ಸುರಿಯತೊಡಗಿದ. ಮಾವ ಭಕ್ತಿಯಿಂದ ಬಲಗೈ ಒಡ್ಡಿ, ತೀರ್ಥ ಕುಡಿದಂತೆ ಸುರ್ರೆಂದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡ. ಅದು ಕೈ ಮುಖ ಒರೆಸಿಕೊಳ್ಳುವ ಅತ್ತರಿನ ನೀರು. ಕಣ್ಣಲ್ಲಿ ನೀರು ಬಂದರೂ ಮಾವ ಸೋಲೊಪ್ಪಲಿಲ್ಲ. "ಸ್ವಲ್ಪ ಖಾರ ಐತಿ, ಆದ್ರ ಛಲೋ ಐತಿ" ಎಂದ.

ಎಲಿಫ್ ನಕ್ಕು ನಕ್ಕು ಸುಸ್ತಾದ ಮೇಲೆ ಪಾಪೋಸಿನ ಮಾತು ತೆಗೆದೆ. ಆಕೆಗೆ ಅದೇ ಬೇಕಾಗಿತ್ತು. ಪಾ ಎಂದರೆ ಕಾಲು, ಪೂಶ್ ಎಂದರೆ ಮುಚ್ಚುವಂಥದ್ದು, ಶಬ್ದ ಪಾರಸಿಯವರದು ಎಂದಳು. ನಮ್ಮ ಪಾಯಜಾಮದ ಪಾಯವೂ ಅದೇ ಕಾಲು ಎಂದು ನನಗೆ ಹೊಳೆಯಿತು. ಅರಬ್ಬರಿಗೆ ಪಕಾರ ಇಲ್ಲ, ಅವರು ಬಾಬೂಶ್ ಮಾಡಿಕೊಂಡರು. ಅವರಿಂದ ಫ್ರೆಂಚರು ತೆಗೆದುಕೊಂಡು ಮನೆಯೊಳಗೆ ಮಾತ್ರ ಹಾಕುವ ಮೆತ್ತನೆಯ ಜೋಡಿಗೆ ಆ ಹೆಸರಿಟ್ಟರು. ಶಬ್ದ ಹುಟ್ಟಿದ ಇರಾಣದಲ್ಲಿ ಈಗ ಅದು ಕೂಸುಗಳ ಕಾಲಿಗೆ ಹಾಕುವ ಉಣ್ಣೆಯ ಚೀಲ. ಟರ್ಕಿಯಲ್ಲೂ ಅದು ಮುದುಕರ ಮಾತು. ಈಗಿನ ಅಂಗಡಿಯ ಫಲಕಗಳಲ್ಲಿ ಬೇರೆ ಶಬ್ದವಿದೆ, ಅದನ್ನು ಬಿಡಿಸಿದರೆ 'ಕಾಲಿನ ಡಬ್ಬಿ' ಎಂದಾಗುತ್ತದೆ.

"ಡಬ್ಬಿನ ಮತ್ತ! ಈಗಿನ ಬೂಟು ಮತ್ತೇನು?" ಎಂದು ಮಾವ ನನ್ನ ಕಾಲಿನ ಕಡೆ ನೋಡಿದ. ನಾನು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡೆ.

ಇರಾಣದವರು 'ಒಬ್ಬನಿಗೆ ಪಾಪೋಸು ಹೊಲಿಯುವುದು' ಎಂದರೆ ಅವನ ಮೇಲೆ ಸುಳ್ಳು ಆಪಾದನೆ ಹೊರಿಸಿ ಸಿಕ್ಕಿಸುವುದು ಎಂದರ್ಥ ಎಂದೂ ಆಕೆ ಹೇಳಿದಳು. ಇದನ್ನು ಮಾವನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. ಹೊಲಿಯುವ ಕೆಲಸಕ್ಕೆ ಇಂಥ ಕೆಟ್ಟ ಅರ್ಥ ಕೊಟ್ಟವರು ಬರಿಗಾಲಿನಲ್ಲಿ ಹೋಗಲಿ ಎಂದು ಶಪಿಸಿ ನಿದ್ದೆ ಹೋದ.

ಆಂಟೆಪ್, ಮೊದಲ ದಿನ

ಆಂಟೆಪ್ ಕಲ್ಲಿನ ಊರು. ಅಂಗಳಗಳಲ್ಲಿ ಪಿಸ್ತಾ ಒಣಹಾಕಿದ್ದರು, ನಮ್ಮಲ್ಲಿ ಶೇಂಗಾ ಹಾಕಿದ ಹಾಗೆ. ಮಧ್ಯಾಹ್ನ ಊಟಕ್ಕೆ ಎಲಿಫ್ ತನ್ನ ತಾಯಿಯ ಮನೆಗೆ ಕರೆದಳು. ಹೊಸ್ತಿಲಲ್ಲಿ ಜೋಡು ಬಿಟ್ಟು ಒಳಗೆ ಹೋದೆವು. ಊಟ ಮುಗಿಸಿ ಕೈ ತೊಳೆಯಲು ಎದ್ದ ಮಾವ ಹೊಸ್ತಿಲ ಕಡೆ ನೋಡಿದವನೇ ನನ್ನ ಕಿವಿಗೆ ಬಗ್ಗಿದ.

"ಏಳೋ, ಹೋಗೂನು. ನಮ್ಮ ಚಪ್ಪಲಿ ಹೊರಗ ಮಾರಿ ಮಾಡಿ ತಿರುವಿ ಇಟ್ಟಾರ. ಎದ್ದ ಹೋಗ್ರಿ ಅನ್ನೂದು ಹಿಂಗ ಇರಬೇಕು ಇಲ್ಲಿ."

ನಾನು ಹಿಂಜರಿಯುತ್ತ ಎಲಿಫ್‌ಗೆ ಕೇಳಿದೆ. ಹೋಗುವಾಗ ಅತಿಥಿ ಬಗ್ಗಿ ತಿರುಗಿಸಿಕೊಳ್ಳುವ ತೊಂದರೆ ಬೇಡ ಎಂದು ಮನೆಯವರೇ ಜೋಡನ್ನು ತಿರುಗಿಸಿಡುತ್ತಾರಂತೆ; ಅದು ಮರ್ಯಾದೆಯಂತೆ. ತಿರುಗಿಸಿಟ್ಟವಳು ಆಕೆಯ ತಾಯಿ. ಮಾವ ಮತ್ತೆ ಕುಳಿತುಬಿಟ್ಟ. "ನಮ್ಮ ಚಪ್ಪಲಿಗೆ ಆ ಯವ್ವ ಕೈ ಹಚ್ಚಿದ್ಲಾ?" ಎಂದು ಎರಡು ಸಲ ಕೇಳಿದ. ಅವನು ಇಡೀ ಜನ್ಮ ಚಪ್ಪಲಿ ಹೊಲಿದು ದೊಡ್ಡ ದೊಡ್ಡ ಮನೆಗಳಿಗೆ ಕೊಟ್ಟವನು. ಅಳತೆಗೆ ಕರೆದವರು ಕಟ್ಟೆಯ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು.

ಸಂಜೆ ಜೋಡು ಮಾಡುವವರ ಪೇಟೆಗೆ ಹೋದೆವು. ಕಮಾನಿನ ಕೆಳಗೆ ಸಾಲು ಅಂಗಡಿಗಳು, ಕೆಂಪು ಚರ್ಮದ ಜೋಡುಗಳ ಸರ. ಹಿರಿಯವನು ಹಸನ್ ಉಸ್ತಾ. ಉಸ್ತಾ ಎಂದರೆ ನಮ್ಮ ಉಸ್ತಾದನೇ. ಅವನು ಮಾವನ ಬಲಗೈ ತೆಗೆದುಕೊಂಡು, ಹೆಬ್ಬೆರಳಿನ ಬುಡದಲ್ಲಿ ದಾರ ಎಳೆದು ಎಳೆದು ಬಿದ್ದ ಗೆರೆಯನ್ನು ಮುಟ್ಟಿ ನೋಡಿ, ತನ್ನ ಹೆಬ್ಬೆರಳಿನ ಗೆರೆ ತೋರಿಸಿದ. ಅಷ್ಟೇ ಪರಿಚಯ. ನಾನಾಗಲಿ ಎಲಿಫ್ ಆಗಲಿ ಬಾಯಿ ತೆರೆಯಬೇಕಾಗಲಿಲ್ಲ. ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಚಹಾ ತರಿಸಿದ. ಊರಿನ ದೊಡ್ಡ ಮನುಷ್ಯರಂತೆ ಕಾಣುವ ಇಬ್ಬರು ಬಂದು ಅದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋದರು. ಮಾವ ಅದನ್ನೂ ಗಮನಿಸಿದ. ವಸತಿಗೆ ಬಂದು ಮಲಗುವ ಮೊದಲು, "ನಾಳಿಗೆ ನಮ್ಮಾಕಿ ಕೈಕೆಲಸ ಇಂವಾ ನೋಡ್ತಾನ" ಎಂದ.

ಎರಡನೆಯ ದಿನ

ಮೇಳದ ಮುಖ್ಯ ಕೆಲಸ ಇದ್ದದ್ದು ಈ ದಿನ. ಪೇಟೆಯ ನಡುವಿನ ಅಂಗಳದಲ್ಲಿ ಪ್ರತಿ ದೇಶದವರೂ ಒಂದೊಂದು ಜೊತೆ ಇಡಬೇಕು. ಮೂವರು ಹಿರಿಯರು ಪರೀಕ್ಷಿಸುತ್ತಾರೆ. ಒಪ್ಪಿಗೆಯಾದದ್ದನ್ನು ಪೇಟೆಯ ಗೋಡೆಗೆ ತೂಗುಹಾಕುತ್ತಾರೆ, ವರ್ಷವಿಡೀ ಅದು ಅಲ್ಲಿರುತ್ತದೆ. ಮಾವ ಧೋತರ ಬಿಚ್ಚಿ ಜೊತೆಯನ್ನು ಮೇಜಿನ ಮೇಲಿಟ್ಟ. ನಮ್ಮ ಸರದಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಯಾರೋ ಚರ್ಮ ಹದ ಮಾಡುವ ಜಾಗ ತೋರಿಸುತ್ತೇವೆಂದು ಸನ್ನೆ ಮಾಡಿ ಕರೆದರು. ನಮ್ಮಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕುವ ಕಡೆ ಇವರು ಏನು ಹಾಕುತ್ತಾರೆಂದು ನೋಡುವ ಆಸೆಗೆ ಮಾವ ಹೊರಟ. "ನೀ ಇಲ್ಲೇ ಇರು, ಕೇಳಿದ್ರ ಹೇಳು" ಎಂದು ನನಗೆ ಹೇಳಿ ಹೋದ.

ಸರದಿ ಬೇಗ ಬಂದುಬಿಟ್ಟಿತು. ಹಸನ್ ಉಸ್ತಾ ಅಟ್ಟೆ ಬಾಗಿಸಿದ, ಹೊಲಿಗೆಯನ್ನು ಉಗುರಿನಿಂದ ಮೀಟಿದ, ಚರ್ಮ ಮೂಸಿದ. ಅತ್ತೆಯ ಜಡೆಯ ಮೇಲೆ ಬೆರಳಾಡಿಸಿ ಉಳಿದಿಬ್ಬರಿಗೆ ಏನೋ ಹೇಳಿದ, ಅವರು ತಲೆದೂಗಿದರು. ಆಮೇಲೆ ಕಾಲಿಗೆ ಹಾಕಿಕೊಂಡು ನಡೆದ.

ಕರ್. ಕರ್. ಕರ್.

ಅಂಗಳದವರೆಲ್ಲ ತಿರುಗಿದರು. ಯಾರೋ ಕಿಸಕ್ಕೆಂದರು. ಉಸ್ತಾ ನಿಂತು, ಕಾಲೆತ್ತಿ ಅಟ್ಟೆ ನೋಡಿ, ಎಲಿಫ್‌ಗೆ ಏನೋ ಕೇಳಿದ.

"ಈ ಸಪ್ಪಳ ಏಕೆ ಎಂದು ಕೇಳುತ್ತಿದ್ದಾರೆ" ಎಂದಳು ಎಲಿಫ್.

ನನಗೆ ಗೊತ್ತಿತ್ತು. ಎರಡು ವಾಕ್ಯದಲ್ಲಿ ಹೇಳಬಹುದಾಗಿತ್ತು. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಆದರೆ ಹತ್ತು ದೇಶದವರು ತಿರುಗಿ ನನ್ನನ್ನೇ ನೋಡುತ್ತಿದ್ದರು. ಎಂಟನೆಯ ಇಯತ್ತೆಯ ಬಾಗಿಲಲ್ಲಿ ನಿಂತ ಹಾಗಾಯಿತು.

"ಹೊಲಿಗೆಯಲ್ಲಿ ಏನೋ ತಪ್ಪಾಗಿರಬೇಕು. ಕ್ಷಮಿಸಿ. ಬೇರೆ ಜೊತೆ ಕೊಡುತ್ತೇವೆ" ಎಂದೆ.

ಉಸ್ತಾ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಚಪ್ಪಲಿಗಳನ್ನು ಕಳಚಿ, ಒಂದಾದ ಮೇಲೊಂದರಂತೆ ಅಂಗಳದ ಪಕ್ಕದ ತಗ್ಗು ಮಾಳಿಗೆಯ ಮೇಲೆ ಎಸೆದ. ಜನ ನಕ್ಕು ಚಪ್ಪಾಳೆ ತಟ್ಟಿದರು. ಹಿಂದೆ ಕಸುಬಿನವರ ಕೂಟದಲ್ಲಿ ಕೆಟ್ಟ ಜೋಡು ಮಾಡಿದವನ ಪಾಬುಚ್ಚನ್ನು ಅವನ ಮಾಳಿಗೆಯ ಮೇಲೆಯೇ ಒಗೆಯುತ್ತಿದ್ದರಂತೆ. ಹೋಗಿ ಬರುವವರೆಲ್ಲ ನೋಡಲಿ ಎಂದು. ಈಗಲೂ ಬೆಲೆ ಕಳೆದುಕೊಂಡವನನ್ನು 'ಅವನ ಪಾಬುಚ್ ಮಾಳಿಗೆ ಸೇರಿತು' ಎನ್ನುತ್ತಾರಂತೆ. ಇದು ಬರೀ ತಮಾಷೆ, ಮೇಳ ಮುಗಿದ ಮೇಲೆ ಇಳಿಸಿ ಕೊಡುತ್ತಾರೆ ಎಂದು ಎಲಿಫ್ ಸಮಾಧಾನ ಹೇಳಿದಳು. ಸ್ಪೇನಿನವನದೊಂದು ಜೊತೆಯೂ ಆಗಲೇ ಮೇಲೆ ಬಿದ್ದಿತ್ತು. ನಾನು ಚೀಲದಿಂದ ಸಪ್ಪಳವಿಲ್ಲದ ಇನ್ನೊಂದು ಜೊತೆ ಕೊಟ್ಟೆ. ಅದು ಗೋಡೆಗೆ ಏರಿತು.

ಮಾವ ಬಂದಾಗ ಹೊತ್ತು ಇಳಿದಿತ್ತು. ನಾನು ಏನು ಹೇಳಬೇಕೆಂದು ಹುಡುಕುತ್ತಿದ್ದಾಗಲೇ ಅವನ ಕಣ್ಣು ಮಾಳಿಗೆಯ ಮೇಲೆ ಬಿತ್ತು. ಆದರೆ ಅವನ ಮುಖ ಅರಳಿತು.

"ನೋಡಿದ್ಯಾ! ನದರು ತಾಗಬಾರದಂತ ಮ್ಯಾಗ ಇಟ್ಟಾರ. ನಮ್ಮಲ್ಲಿ ಹೊಸಾ ಮನೀಗೆ ಚಪ್ಪಲಿ ಕಟ್ಟೂದಿಲ್ಲೇನು, ಹಂಗ. ಬಾಳ ಮಂದೀದು ಗ್ವಾಡಿಗೆ, ನಿಮ್ಮ ಅತ್ತೀದು ಮಾಳಗೀ ಮ್ಯಾಗ!"

ಹೌದು ಎಂದೆ. ಆ ಒಂದು ಶಬ್ದ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೆಯ ದಿನ

ಮರುದಿನ ಬೆಳಿಗ್ಗೆ ಮಾವ ಹಸನ್ ಉಸ್ತಾನಿಗೆ ಕೃತಜ್ಞತೆ ಹೇಳಲು ಹೊರಟ. ಬೇಡವೆಂದು ತಡೆಯಲು ನಾನು ತಲೆನೋವಿನ ನೆಪ ತೆಗೆದೆ. "ನೀ ಮಲ್ಕೊ, ನಾ ಹೋಗಿ ಬರ್ತೇನಿ" ಎಂದ. ಬೆನ್ನು ಹತ್ತಿದೆ. ಎಲಿಫ್ ಆಗಲೇ ಅಂಗಡಿಯಲ್ಲಿದ್ದಳು.

ಮಾವ ಕಟ್ಟೆಯ ಮೇಲೆ ಕುಳಿತು ಕೈಮುಗಿದು, ಮಾಳಿಗೆಯ ಕಡೆ ತೋರಿಸಿ, ಕಣ್ಣಿಗೆ ಬೆರಳಿಟ್ಟು, "ನಜರ, ನಜರ" ಎಂದ. ನದರು ಎಂದರೆ ತಿಳಿಯಲಿಕ್ಕಿಲ್ಲವೆಂದು ಉರ್ದು ಮಾಡಿ ಹೇಳಿದ್ದ. ಆ ಶಬ್ದವೂ ಅವರಲ್ಲಿ ಅದೇ. ಉಸ್ತಾ ನೇರವಾಗಿ ತಿಳಿದುಕೊಂಡ. ತಿಳಿದು ಅವನ ಮುಖ ಕಪ್ಪಿಟ್ಟಿತು. ಮೆಲ್ಲಗೆ ಎಲಿಫ್‌ಗೆ ಏನೋ ಹೇಳಿದ. ಆಕೆ ನನ್ನ ಕಡೆ ತಿರುಗಿ, ತಾನೂ ಮೆಲ್ಲಗೆ ಹೇಳಿದಳು:

"ಅದು ದೃಷ್ಟಿಗಲ್ಲ, ಸಪ್ಪಳಕ್ಕೆ ಎಂದು ಹೇಳಬೇಕಂತೆ. ನಿಮ್ಮವರೇ ತಪ್ಪು ಎಂದು ಒಪ್ಪಿಕೊಂಡಿದ್ದರಿಂದ ಎಸೆದೆ, ಅತಿಥಿಗೆ ನೋವಾಗಿದ್ದರೆ ಮನ್ನಿಸಬೇಕು ಎನ್ನುತ್ತಿದ್ದಾರೆ."

ಇದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು. ಅಲ್ಲಿ ಇನ್ನಾರಿಗೂ ಕನ್ನಡ ಬರುತ್ತಿರಲಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಮಾಮಾ, ಅದು ನದರಿಗಲ್ಲಂತ. ಸಪ್ಪಳ ಬಂತಲ್ಲ, ಕೆಲಸ ತಪ್ಪೈತಿ ಅಂತ ಒಗದಾರಂತ."

"ನೀ ಅಲ್ಲೇ ಇದ್ದ್ಯಲ್ಲೋ. ಹೇಳಬೇಕಿಲ್ಲೋ, ಬೀಜ ಇಟ್ಟೇವಿ ಅಂತ?"

ನಾನು ನನ್ನ ಬೂಟಿನ ತುದಿ ನೋಡಿದೆ.

"ಏನಂದಿ ನೀ?"

"ತಪ್ಪಾಗೇತಿ ಅಂದೆ."

ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎದ್ದು ಹೋಗಿ, ಪೇಟೆಯ ಮೂಲೆಗೆ ಒರಗಿಸಿದ್ದ ಏಣಿ ತಂದು ಮಾಳಿಗೆಗೆ ಹಚ್ಚಿದ. ಉಸ್ತಾ ಗಾಬರಿಯಾಗಿ ಏಣಿ ಹಿಡಿದುಕೊಂಡ. ನಾನೂ ಹಿಡಿಯಲು ಹೋದೆ. ಮಾವ ಕೈಸನ್ನೆಯಿಂದ ಬೇಡವೆಂದ.

ಚಪ್ಪಲಿಗಳನ್ನು ಕಂಕುಳಲ್ಲಿ ಹಿಡಿದು ಇಳಿದು ಬಂದು ಉಸ್ತಾನ ಗಿಡ್ಡ ಸ್ಟೂಲಿನ ಮೇಲೆ ಕುಳಿತ. ಕೈ ಚಾಚಿದ. ಯಾವ ಸಲಕರಣೆ ಬೇಕೆಂದು ಉಸ್ತಾನಿಗೆ ಹೇಳಬೇಕಾಗಲಿಲ್ಲ. ಚರ್ಮ ಕೊಯ್ಯುವ ಕತ್ತಿ ಕೊಟ್ಟ. ಮಾವ ಎಡ ಚಪ್ಪಲಿಯ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಅತ್ತೆ ಇದ್ದಾಗ ಮುಚ್ಚಿದ ಅಟ್ಟೆ ಅದು. ಅಟ್ಟೆ ಬಾಯಿ ತೆರೆದಾಗ ಒಳಗಿನ ಬೀಜಗಳನ್ನು ಉಸ್ತಾನ ಅಂಗೈಗೆ ಸುರಿದ. ಪ್ರತಿ ಬೀಜವನ್ನೂ ಎಳೆಯ ಚರ್ಮದ ಚೂರಿನಲ್ಲಿ ಸುತ್ತಿ ದಾರ ಕಟ್ಟಿತ್ತು. ಅತ್ತೆ ನನ್ನ ಜೊತೆಯಿಂದ ಬೀಜ ತೆಗೆದಾಗಲೂ ನಾನು ಇದನ್ನು ಗಮನಿಸಿರಲಿಲ್ಲ.

"ಹೇಳು ಅವಗ. ಸರಿಯಾಗಿ ಹೇಳು" ಎಂದ ಮಾವ. "ಇದು ನನ್ನ ಹೇಂತಿ ಇಟ್ಟಿದ್ದು. ಈಗ ಆಕಿ ಇಲ್ಲ. ದೊಡ್ಡಾವ್ರು ಮನೀಗೆ ಬಂದ್ರ ಒಳಗಿದ್ದಾವ್ರಿಗೆ ಗೊತ್ತಾಗಬೇಕು. ಸೊಸಿ ತಲಿ ಬಾಚ್ಕೊಂಡ ಕುಂತಿರ್ತಾಳ, ಯಾರೋ ಯಾರದೋ ಮಾತ ಆಡ್ತಿರ್ತಾರ. ಸಂಭಾಳಿಸ್ಕೊಳ್ಳಾಕ ಒಂದೀಟ ಹೊತ್ತ ಕೊಡಬೇಕು. ಸಪ್ಪಳಿಲ್ಲದ ಬರಾಂವಾ ಒಂದೋ ಕಳ್ಳ, ಇಲ್ಲಾ ಬೆಕ್ಕು."

ನಾನು ಒಂದಕ್ಷರ ಬಿಡದೆ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷು ಹಿಂದೆ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಎಲಿಫ್ ಅದನ್ನು ಟರ್ಕಿ ಮಾಡಿ ಹೇಳಿದಳು.

ಉಸ್ತಾ ಒಂದು ಬೀಜವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಆಲಿಸಿದ. ಕೊನೆಗೆ ಹೇಳಿದ್ದು ಇಷ್ಟು: "ನಮ್ಮಲ್ಲಿ ನಮಾಜು ಮಾಡುವವನಿಗೆ, ಮಲಗಿದ ಕೂಸಿಗೆ ತೊಂದರೆಯಾಗಬಾರದೆಂದು ಸಪ್ಪಳ ತೆಗೆಯುತ್ತೇವೆ. ನಿಮ್ಮಲ್ಲಿ ಒಳಗಿದ್ದವರಿಗೆ ತೊಂದರೆಯಾಗಬಾರದೆಂದು ಸಪ್ಪಳ ಇಡುತ್ತೀರಿ. ನಾನು ಕೇಳದೆ ಎಸೆಯಬಾರದಾಗಿತ್ತು."

ಕೇಳದೆ ಎಸೆಯಲಿಲ್ಲ, ಕೇಳಿಯೇ ಎಸೆದ. ಕೇಳಿದ್ದು ನನ್ನನ್ನು.

ಬೀಜಗಳನ್ನು ಉಸ್ತಾ ತಾನೇ ಒಂದೊಂದಾಗಿ ಮೊದಲಿದ್ದ ಜಾಗದಲ್ಲಿಟ್ಟ. ಮಾವ ಹೊಲಿದ. ಉಸ್ತಾ ದಾರಕ್ಕೆ ಮೇಣ ಸವರಿ ಸವರಿ ಕೊಟ್ಟ. ಮುಗಿದ ಮೇಲೆ ಆ ಜೊತೆ ಹಾಕಿಕೊಂಡು ಹಸನ್ ಉಸ್ತಾ ಪೇಟೆಯ ಈ ತುದಿಯಿಂದ ಆ ತುದಿಗೆ ನಡೆದು ಬಂದ. ಪ್ರತಿ ಅಂಗಡಿಯಿಂದ ತಲೆಗಳು ಹೊರಬಂದವು. ಅವನು ಯಾರಿಗೂ ಏನೂ ವಿವರಿಸಲಿಲ್ಲ. ಗೋಡೆಯ ಮೇಲಿದ್ದ ನಮ್ಮ ಇನ್ನೊಂದು ಜೊತೆಯನ್ನು ಇಳಿಸಿ ಇದನ್ನು ತೂಗುಹಾಕಲು ಹೋದಾಗ ಮಾವ ತಡೆದ. "ಇದು ನನ್ನ ಕೂಡ ಬರ್ತೈತಿ. ನೀವು ನೋಡಿದ್ರಿ, ಮುಗೀತು" ಎಂದ.

ಕುಡಚಿ, ರಾಯಬಾಗ, ಚಿಕ್ಕೋಡಿ

ಬರುವಾಗ ದಾರಿಯಲ್ಲಿ ಮಾವ ಎಲ್ಲ ಮಾತಾಡಿದ, ಅದೊಂದನ್ನು ಬಿಟ್ಟು. ವಿಮಾನದಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದ: "ಪಾಪೋಸ ಅಂದ್ರ ಇರಾಣದವ್ರು ಹೊಲದು ಸಿಗಸ್ತಾರ, ತುರ್ಕದವ್ರು ಮಾಳಿಗಿಗೆ ಒಗೀತಾರ, ಫ್ರಾನ್ಸದವ್ರು ಮನ್ಯಾಗ ಮುಚ್ಚಿಡ್ತಾರ. ನಾವು?" ಕಳ್ಳಿಗೆ ಹೆಸರಿಟ್ಟೆವು ಎಂದೆ. "ಹೌದಪ್ಪಾ, ಮಾಡಾವ್ರು ನಾವ, ಮಾತು ಮಾತ್ರ ಬೇಲಿಗೆ" ಎಂದು ನಕ್ಕ. ನನ್ನನ್ನು ನೋಡಿ ನಕ್ಕನೋ ಸುಮ್ಮನೆ ನಕ್ಕನೋ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಅಥಣಿಗೆ ಹೋದೆ. ಕ್ಷಮೆ ಕೇಳಬೇಕೆಂದು ಚಿಕ್ಕೋಡಿಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಜೊತೆ ಅತ್ತೆಯ ಫೋಟೊದ ಪಕ್ಕದ ಮೊಳೆಗೆ ತೂಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವ ಒಳಗಿನಿಂದ ಒಂದು ಹೊಸ ಜೊತೆ ತಂದು ನನ್ನ ಮುಂದಿಟ್ಟ.

"ಹಾಕ್ಕೋ. ನಿನ್ನ ಅಳತಿ ನನಗ ಇನ್ನಾ ನೆನಪೈತಿ."

ಇಪ್ಪತ್ತು ವರ್ಷದ ಮೇಲೆ ಮಾವ ಮಾಡಿದ ಚಪ್ಪಲಿಗೆ ಕಾಲು ಹಾಕಿದೆ. ಎಲ್ಲೂ ಕಚ್ಚಲಿಲ್ಲ, ಎಲ್ಲೂ ಸಡಿಲವಿರಲಿಲ್ಲ. ನನಗೆ ಅಳು ಬಂತು. ಕ್ಷಮೆಯ ಮಾತು ಇನ್ನು ಬೇಕಿಲ್ಲ ಎಂದುಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದೆ. ಮತ್ತೆ ನಾಲ್ಕು ಹೆಜ್ಜೆ ನಡೆದೆ. ನಿಂತು ಮಾವನ ಕಡೆ ನೋಡಿದೆ.

"ಹಾಕಿಲ್ಲ" ಎಂದ ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗ ಸಪ್ಪಳ ಬ್ಯಾಡಲ್ಲ."

ಬೀಜದ ಚೀಲ ಫೋಟೊದ ಕೆಳಗಿನ ಮಾಡದಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಹಾಕಿಕೊಡು ಎಂದು ಕೇಳಬೇಕೆನಿಸಿತು. ಕೇಳಲು ಬಾಯಿ ಬರಲಿಲ್ಲ.

ಅದನ್ನೇ ಮೆಟ್ಟಿಕೊಂಡು ಹೊರಟೆ. ಕುಡಚಿಯಲ್ಲಿ ಬಸ್ಸು ಬದಲಿಸಿದೆ. ರಾಯಬಾಗದಲ್ಲಿ ಚಹಾ ಕುಡಿದೆ. ಚಿಕ್ಕೋಡಿಯಲ್ಲಿ ಇಳಿದು ಮನೆಯ ತನಕ ನಡೆದೆ. ಚಪ್ಪಲಿ ಕಳಚುವುದನ್ನೂ ಮರೆತು ಅಂಗಳ ದಾಟಿ, ಪಡಸಾಲೆ ದಾಟಿ, ಅಡಿಗೆಮನೆಯ ಬಾಗಿಲಿಗೆ ಬಂದು ನಿಂತೆ. ಹೆಂಡತಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು, ಮಗಳು ಆಕೆಯ ಪಕ್ಕದಲ್ಲಿ ಕುಳಿತು ನನ್ನದೇ ಏನೋ ಮಾತು ಹೇಳುತ್ತಿದ್ದಳು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.